ಸಮ್ಮೇಳನಕ್ಕೆ ಹೋಗಿ ಬಂದ ಮಲೇರಿಯಾ ಅಧಿಕಾರಿ

ಐವತ್ತರ ದಶಕದ ಕೊನೆಯಲ್ಲಿ ನಾನು ಪುತ್ತೂರಿನ ಮಲೇರಿಯಾ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಅಧಿಕಾರಿಗಳು, ವಿಜ್ಞಾನಿಗಳೂ ಮಂತ್ರಿಗಳೂ ರಾಯಭಾರಿಗಳೂ ಸೇರಿದ್ದ ವಿದೇಶದ ಮಲೇರಿಯಾ ಸಮ್ಮೇಳನವೊಂದಕ್ಕೆ ಹೋಗಿ ಬಂದವರು. ಅಲ್ಲಿ ಕೊಟ್ಟ ಎದೆಬಿಲ್ಲೆಯನ್ನು ಪಕ್ಕದ ಹಳ್ಳಿ ಕುಂಬ್ರಕ್ಕೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ. ಯಾರು ಏನು ಕೇಳಿದರೂ ಕನ್ನಡಕ ಒರೆಸುತ್ತಾ, "ಅದು ಸಮ್ಮೇಳನದಲ್ಲಿ ತೀರ್ಮಾನ ಆಗಿದೆ" ಎನ್ನುತ್ತಿದ್ದರು. ನಮ್ಮ ಕಚೇರಿಯ ಮಾಡು ಸೋರುವುದರ ಬಗ್ಗೆ ಮಾತ್ರ ಜಗತ್ತಿನ ರಾಷ್ಟ್ರಗಳು ಯಾಕೋ ತೀರ್ಮಾನಕ್ಕೆ ಬಂದಿರಲಿಲ್ಲ.

ಒಮ್ಮೆ ಸುಳ್ಯದ ಹತ್ತಿರ ಅಜ್ಜಾವರಕ್ಕೆ ಡಿಡಿಟಿ ಹೊಡೆಸಲು ಹೋದಾಗ ಒಬ್ಬರು ಅಜ್ಜಿ ಬಾಗಿಲಿಗೆ ಅಡ್ಡ ನಿಂತರು.

"ಕಳೆದ ಸಲ ನೀವು ಮದ್ದು ಹೊಡೆದ ಮೇಲೆ ಚಳಿಜ್ವರ ಹೋಯ್ತು, ಸುಳ್ಳು ಹೇಳುದಿಲ್ಲ. ಆದರೆ ಗೋಡೆಗೆ ಮೈ ಉಜ್ಜಿದ ಬೆಕ್ಕು ಸತ್ತಿತು. ಈಗ ಅಕ್ಕಿಯೆಲ್ಲ ಇಲಿಗೆ. ನಾವು ಉಣ್ಣುದು ಎಂತ?"

"ಅಷ್ಟು ದೇಶದವರು ಕೂತು ತೀರ್ಮಾನ ಮಾಡಿದ್ದಾರೆ ಅಜ್ಜಿ."

"ಆಗಲಿ ಮಾರಾಯ್ರೆ. ಅಲ್ಲಿ ಬೆಕ್ಕಿನ ಕಡೆಯಿಂದ ಯಾರಿದ್ದರು?"

ಅಧಿಕಾರಿಗಳು ಕನ್ನಡಕವನ್ನು ಬಹಳ ಹೊತ್ತು ಒರೆಸಿದರು. ಆ ಮನೆ ಬಿಟ್ಟು ಬಂದೆವು. ಬೆಕ್ಕಿನ ವಿಷಯವನ್ನು ಅವರು ಮೇಲಿನವರಿಗೆ ಬರೆದರು. "ಮುಂದಿನ ಸಮ್ಮೇಳನದಲ್ಲಿ ಪರಿಶೀಲಿಸಲಾಗುವುದು" ಎಂದು ಉತ್ತರ ಬಂತು. ಅದನ್ನು ಎರಡು ಸಲ ಓದಿ, ಮರುದಿನ ತಮ್ಮ ಮನೆಯ ಬೆಕ್ಕಿನ ಮರಿಯೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಜೀಪು ಹತ್ತಿದರು. ಮಲಗುವ ಕೋಣೆಗೆ ಮದ್ದು, ಅಡುಗೆಮನೆಗೆ ಬೆಕ್ಕು, ನಡುವೆ ಮುಚ್ಚಿದ ಬಾಗಿಲು ಎಂದು ಅಜ್ಜಿಯ ಜಗಲಿಯಲ್ಲೇ ಒಪ್ಪಂದವಾಯಿತು.

ಜೀಪಿನ ಪುಸ್ತಕದಲ್ಲಿ ಪ್ರಯಾಣದ ಉದ್ದೇಶ ಬರೆಯಬೇಕಿತ್ತು. ನನ್ನ ಪೆನ್ನು ಕೇಳಿ ತೆಗೆದುಕೊಂಡು ಅವರೇ ಬರೆದರು: "ಉನ್ನತ ಮಟ್ಟದ ಮಾತುಕತೆ."