ಹೊಡೆಯದ ಅಪ್ಪ

ಈ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಹೊರಟವನು, ಚಳಿಯೆಂದು ಕಾರಿನ ಹೀಟರು ಹಾಕಿದೆ. ಬೇಸಿಗೆಯೆಲ್ಲ ಕೂತಿದ್ದ ಧೂಳು ಮೆಲ್ಲಗೆ ಸುಡುವ ವಾಸನೆ ಬಂತು. ವರ್ಷದ ಮೊದಲ ಚಳಿಗೆ ಮಾತ್ರ ಬರುವ ಆ ವಾಸನೆ ನಿಮಗೂ ಗೊತ್ತಿರಬಹುದು. ನನಗೆ ಅದರೊಳಗಿಂದ ಒಂದು ದನಿ ಕೇಳಿಸಿತು. ಪಕ್ಕದ ಸೀಟಿನಲ್ಲಿ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಹಾಳೆಗಳನ್ನು ಗಟ್ಟಿಯಾಗಿ ಓದುತ್ತಿದ್ದ ಷಾಹಿದಕ್ಕನ ದನಿ.

ಅದು ಡಾಟ್‌ಕಾಮ್ ಕಾಲ. ಇತಿಹಾಸದಲ್ಲಿ ಎಂ.ಎ. ಮಾಡಿದ ನನ್ನಂಥವನಿಗೂ ಇಂಟರ್‌ನೆಟ್ ಕಂಪನಿಯೊಂದು ಕರೆದು ಕೆಲಸ ಕೊಟ್ಟಿತ್ತು. ಆ ಕಾಲದ ಹುಚ್ಚಿಗೆ ಬೇರೆ ಸಾಕ್ಷಿ ಬೇಕಿಲ್ಲ. ಮೈಸೂರಿನ ಷಾಹಿದಕ್ಕ ಇಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಎವರ್‌ಗ್ರೀನ್‌ನಲ್ಲಿ ನಮ್ಮ ಬೀದಿಯವರು, ಮೌಂಟನ್ ವ್ಯೂನಲ್ಲಿ ನಮ್ಮ ಆಫೀಸಿನವರು. ಕಾರಿನಲ್ಲಿ ಇಬ್ಬರಿದ್ದರೆ ಫ್ರೀವೇಯ ಕಾರ್‌ಪೂಲ್ ಲೇನಿನಲ್ಲಿ ಬೇಗ ಹೋಗಬಹುದಲ್ಲ, ಹಾಗಾಗಿ ನನ್ನ ಜೊತೆ ಬರುತ್ತಿದ್ದರು. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ತಮ್ಮ ಆತ್ಮಕಥೆಯನ್ನು ದಾರಿಯುದ್ದಕ್ಕೂ ಓದುತ್ತಿದ್ದರು. ಹೊರಗೆ ಮಂಜು, ಮುಂದಿನ ಕಾರುಗಳ ಕೆಂಪು ದೀಪಗಳಷ್ಟೇ ತೇಲುತ್ತಿದ್ದವು. ಅವುಗಳ ನಡುವೆ ಮೈಸೂರಿನ ಗಲ್ಲಿಯೊಂದು ಹಾದುಹೋಗುತ್ತಿತ್ತು, ಫ್ರೀವೇಯಿಂದ ಇಳಿಯಬೇಕಾದ ನಮ್ಮ ಎಕ್ಸಿಟ್ಟೂ ಹಾದುಹೋಗಿಬಿಡುತ್ತಿತ್ತು. ಈಗ ಆ ಗಲ್ಲಿಯಲ್ಲಿ ನಾನೇ ಆಡಿ ಬೆಳೆದಂತೆ ಅನಿಸುತ್ತದೆ. ನಾನು ಬೆಳೆದದ್ದು ಮಂಡ್ಯದಲ್ಲಿ. ನನ್ನ ನೆನಪನ್ನು ಎಷ್ಟು ನಂಬಬೇಕೆಂದು ನೀವೇ ನೋಡಿಕೊಳ್ಳಿ.

ಆ ಹಾಳೆಗಳಲ್ಲಿ ನನಗೆ ಇಷ್ಟವಾದವರು ಅವರ ಅಬ್ಬಾ, ಅಂದರೆ ಅಪ್ಪ. ರೈಲ್ವೆಯಲ್ಲಿ ಗುಮಾಸ್ತರು. ಸಂಜೆ ಪುಟ್ಟ ಮಗಳನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಗ್ರಂಥಾಲಯಕ್ಕೆ ಕರೆದೊಯ್ಯುತ್ತಿದ್ದವರು.

ನ್ಯೂಯಾರ್ಕಿನ ದೊಡ್ಡ ಪ್ರಕಾಶನವೊಂದು ಪುಸ್ತಕ ಕೇಳಿತು. ಆದರೆ ಅಲ್ಲಿನ ಸಂಪಾದಕಿಗೆ ಈ ಅಬ್ಬಾ ಹಿಡಿಸಲಿಲ್ಲ.

"ನಿಮ್ಮಪ್ಪ ಅಷ್ಟೊಂದು ಒಳ್ಳೆಯವ್ರಾ ಅಂತ ಕೇಳ್ತಾಳೆ," ಷಾಹಿದಕ್ಕ ಒಂದು ಬೆಳಿಗ್ಗೆ ಹೇಳಿದರು. "ಓದು ಬಿಡಿಸಿರಬೇಕು, ಒಂದೇಟಾದ್ರೂ ಹೊಡೆದಿರಬೇಕು, ಚೆನ್ನಾಗಿ ನೆನಪು ಮಾಡ್ಕೋ ಅಂತಾಳೆ. ಇಲ್ಲದಿದ್ರೆ ಪುಸ್ತಕ ಕಷ್ಟ ಅಂತೆ."

ನಾನು ಓದಿದವನಲ್ಲವೇ, ಪಾಂಡಿತ್ಯ ಬಿಚ್ಚಿದೆ. "ನೆನಪು ಅನ್ನೋದೇ ಅರ್ಧ ನಾವು ಕಟ್ಟಿದ್ದು ಅಕ್ಕ. ಒಂದೇಟು ಸೇರಿಸಿದ್ರೆ ಏನು ಹೋಗುತ್ತೆ?"

"ಹೌದಾ ಪ್ರೊಫೆಸರೇ? ಹಾಗಾದ್ರೆ ನಿಮ್ಮಪ್ಪನ ಕೈಲಿ ಹೊಡೆಸ್ಲಾ?"

ಆಮೇಲೆ ಹಾಳೆ ಮಡಿಚಿ ಕಿಟಕಿಯ ಕಡೆ ತಿರುಗಿದರು. "ಈ ದೇಶದಲ್ಲಿ ನಮ್ಮಪ್ಪ ಇರೋದು ಈ ಪುಸ್ತಕದಲ್ಲಿ ಮಾತ್ರ ಕಣೋ. ಅದ್ರಲ್ಲಿ ಕೆಟ್ಟೋರಾಗ್ಬೇಕಾ?"

ಆಗುವುದಿಲ್ಲವೆಂದು ಬರೆದು ಕಳಿಸಿದರು. ನ್ಯೂಯಾರ್ಕ್ ಮತ್ತೆ ಫೋನು ಮಾಡಲಿಲ್ಲ. ಅಷ್ಟರಲ್ಲಿ ನಮ್ಮ ಕಂಪನಿಯೂ ಮುಚ್ಚಿತು. ಷಾಹಿದಕ್ಕ ಮನೆಯಲ್ಲಿ ಕೂತು ಪುಸ್ತಕ ಮುಗಿಸಿದರು. ಬರ್ಕ್‌ಲಿಯ ಸಣ್ಣ ಪ್ರಕಾಶನವೊಂದು ಅಬ್ಬಾನನ್ನು ಇದ್ದಂತೆಯೇ ಅಚ್ಚು ಹಾಕಿತು. ಮರುವರ್ಷ, ಬಿಳಿಯರಲ್ಲದ ಲೇಖಕಿಯರಿಗೆಂದೇ ಇದ್ದ ಬಹುಮಾನವೊಂದು ಅದಕ್ಕೆ ಬಂತು. "ಮೈಸೂರಲ್ಲಿ ಕೆಂಪಗಿದ್ದೀನಿ ಅಂತ ಗಂಡು ಸಿಕ್ತು, ಇಲ್ಲಿ ಬೆಳ್ಳಗಿಲ್ಲ ಅಂತ ಪ್ರೈಸು ಸಿಕ್ತು," ಎಂದು ನಕ್ಕರು.

ಬಹುಮಾನದ ಸಂಜೆಗೆ ಮೈಸೂರಿನಿಂದ ಅಬ್ಬಾ ಬಂದಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಆ ಹಾಲಿನಲ್ಲಿ ನನ್ನ ಪಕ್ಕ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕೂತಿದ್ದರು. ಷಾಹಿದಕ್ಕ ಸೈಕಲ್ಲಿನ ಅಧ್ಯಾಯ ಓದಿದರು. ಸಭೆ ನಮ್ಮ ಕಡೆ ತಿರುಗಿ ಚಪ್ಪಾಳೆ ಹೊಡೆಯಿತು.

"ಏನಪ್ಪಾ ಓದಿದ್ದು? ಅಷ್ಟು ಬೇಗ ಓದಿದ್ರೆ ಇಂಗ್ಲಿಷು ನನ್ನ ಕಿವಿಗೆ ಹತ್ತಲ್ಲ. ಎಲ್ರೂ ನನ್ನೇ ನೋಡ್ತಾವ್ರೆ," ಎಂದರು ಅಬ್ಬಾ.

ಸಂಜೆ, ಸೈಕಲ್ಲು, ಮುಖಕ್ಕೆ ಬಡಿಯುವ ಗಾಳಿ, ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ.

"ಸೈಕಲ್ಲಾ? ನಂಗೆ ಸೈಕಲ್ ತುಳಿಯೋಕೇ ಬರಲ್ವಲ್ಲಪ್ಪ. ಹೆಗಲ ಮೇಲೆ ಕೂರಿಸ್ಕೊಂಡು ನಡ್ಕೊಂಡೇ ಹೋಗ್ತಿದ್ದೆ."

ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು. "ಅವ್ಳಿಗೆ ಹೇಳ್ಬೇಡ. ಕೊಟ್ಟ ಪ್ರೈಸನ್ನ ವಾಪಸ್ ಕಿತ್ಕೊಂಡಾರು."

ನೆನಪು ಅರ್ಧ ನಾವು ಕಟ್ಟಿದ್ದೆಂಬ ನನ್ನ ವಾದವೇ ಗೆದ್ದಿತ್ತು. ಆದರೂ ಗೆದ್ದವನಂತೆ ಅನಿಸಲಿಲ್ಲ. ವೇದಿಕೆಯಿಂದ ಅವರ ಮಗಳು ಕೈಬೀಸಿದಳು, ಅಬ್ಬಾ ಎದ್ದು ನಿಂತು ಕೈಬೀಸಿದರು. ಅವರು ಹೆಗಲೆಂದರೋ, ಕಂಕುಳೆಂದರೋ, ಈಗ ಆಣೆ ಮಾಡಿ ಹೇಳಲಾರೆ. ಹೊತ್ತದ್ದಂತೂ ನಿಜ.

ನನ್ನ ಮಗಳು ನನ್ನ ಅಪ್ಪನನ್ನು ಕಂಡವಳಲ್ಲ. ಕೇಳಿದಾಗಲೆಲ್ಲ, "ಸರಿಯಾಗಿ ನೆನಪಿಲ್ಲ ಪುಟ್ಟಿ," ಎನ್ನುತ್ತ ಬಂದಿದ್ದೆ. ಅದನ್ನೇ ಪ್ರಾಮಾಣಿಕತೆ ಎಂದುಕೊಂಡಿದ್ದೆ. ಇವತ್ತು ಸಿಗ್ನಲ್ಲಿನಲ್ಲಿ ನಿಂತಾಗ, ಅವಳು ಕೇಳದೆಯೇ ಹೇಳಿದೆ: "ಬಸ್ಸಲ್ಲಿ ನಿಮ್ಮ ತಾತ ಕಿಟಕಿ ಪಕ್ಕದ ಸೀಟನ್ನ ಯಾವಾಗ್ಲೂ ನಂಗೇ ಬಿಡ್ತಿದ್ರು."

ಹಿಂದಿನ ಸೀಟಿನಿಂದ ಅವಳು ತಲೆಯೆತ್ತಿದಳು. "ಆಲ್ವೇಸ್?"

"ಯಾವಾಗ್ಲೂ," ಎಂದೆ.