ಗ್ಯಾಸ್ ಏಜೆನ್ಸಿಯಿಂದ ಫೋನು

ಸೈನ್ಯದಲ್ಲಿ ನನ್ನ ಕೆಲಸ ಗೇಟಿನಲ್ಲಿ ನಿಂತು ಜನರನ್ನು ಅನುಮಾನಿಸುವುದಾಗಿತ್ತು. ಸಂಬಳ ಕೊಟ್ಟು ಕಲಿಸಿದ ಬುದ್ಧಿ, ನಿವೃತ್ತಿಯ ದಿನ ಸಮವಸ್ತ್ರದ ಜೊತೆ ವಾಪಸ್ ಕೊಟ್ಟು ಬರಲಾಗಲಿಲ್ಲ. ಕೆ.ಆರ್. ಪುರದ ನಮ್ಮ ಮನೆಗೆ ಹಾಲು ಹಾಕಲು ಹೊಸಬ ಬಂದರೂ ಮೊದಲು ಅವನ ಚಪ್ಪಲಿ ನೋಡುತ್ತೇನೆ. ಹಾಗಾಗಿ ಶಿವಾಜಿನಗರದ ಆಸ್ಪತ್ರೆಯಲ್ಲಿ, ನಾನು ತಿಂಗಳ ಮಾತ್ರೆ ತರುವ ಕೋಣೆಯೊಳಗೆ, ಒಂದು ದಿನ ಹೊಸ ಮೇಜು, ಅದರ ಹಿಂದೆ ಹೊಸ ಹುಡುಗಿ ಕಂಡಾಗ, ಇದರಲ್ಲೇನೋ ಕಿತಾಪತಿ ಇದೆ ಎಂದೇ ಅಂದುಕೊಂಡೆ.

ಮಾತ್ರೆ ಎಚ್‌ಐವಿಯದು. ಸರ್ವಿಸ್‌ನಲ್ಲಿದ್ದಾಗಲೇ ಗೊತ್ತಾಗಿತ್ತು. ಹೇಗೆ ಬಂತು ಎಂದು ಕೇಳಬೇಡಿ, ಕೇಳಿದವರಿಗೆಲ್ಲ ಉತ್ತರ ಕೊಡುವ ವಯಸ್ಸು ನನಗೆ ದಾಟಿದೆ. ಹೆಂಡತಿಗೆ ತಿಳಿದಿತ್ತು, ಅವಳಿಗೆ ತಗಲಲಿಲ್ಲ, ಅದೊಂದು ಪುಣ್ಯ. ಅವಳು ಕಿಡ್ನಿ ಕಾಯಿಲೆಯಲ್ಲಿ ಹೋದ ಮೇಲೆ ಮಗ, ಸೊಸೆ ಇರುವ ಮನೆಯಲ್ಲಿ ಗುಟ್ಟು ನನ್ನೊಬ್ಬನದಾಯಿತು. ಮುಟ್ಟಿದರೋ ಉಂಡ ತಟ್ಟೆಯಿಂದಲೋ ಬರುವ ರೋಗ ಅಲ್ಲವೆಂದು ಡಾಕ್ಟರು ಹೇಳಿದ್ದರೂ ನನ್ನ ತಟ್ಟೆ ಲೋಟ ನಾನೇ ತೊಳೆದು ಬೇರೆ ಇಡುತ್ತಿದ್ದೆ. ಮಿಲಿಟರಿ ಶಿಸ್ತು ಎಂದು ಮಗ ಬಂದವರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಅದಕ್ಕಿಂತ ದೊಡ್ಡ ಗುಟ್ಟು ಬೇರೆಯಿತ್ತು. ಮಾತ್ರೆ ನುಂಗುತ್ತಿದ್ದೆ, ಯಾಕೆ ನುಂಗಬೇಕು ಎಂಬುದು ಮಾತ್ರ ಹೊಳೆಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಕೂರುವುದೇ ಭಾರವೆನಿಸುತ್ತಿತ್ತು. ಹಿಂದೊಮ್ಮೆ ಡಾಕ್ಟರು ಮಾನಸಿಕ ವಿಭಾಗಕ್ಕೆ ಚೀಟಿ ಬರೆದುಕೊಟ್ಟಿದ್ದರು. ಬಸ್ಸು ಹಲಸೂರು ದಾಟುವ ಮೊದಲೇ ಹರಿದು ಕಿಟಕಿಯಾಚೆ ಹಾಕಿದೆ. ಆ ಬೋರ್ಡಿನ ಕೆಳಗೆ ಕೂತರೆ ಹಳೆಯ ಜೊತೆಗಾರ ಒಬ್ಬನಾದರೂ ನೋಡದೆ ಇರುತ್ತಾನೆಯೇ? ನಮ್ಮ ಯೂನಿಟ್ಟಿನಲ್ಲಿ ಮನಸ್ಸು ಸರಿಯಿಲ್ಲ ಎಂದು ಬಾಯಿಬಿಟ್ಟವನ ರೈಫಲ್ ತೆಗೆದುಕೊಂಡು ಅಡುಗೆಮನೆಗೆ ಆಲೂಗಡ್ಡೆ ಸುಲಿಯಲು ಕಳಿಸಿದ್ದನ್ನು ಕಣ್ಣಾರೆ ಕಂಡವನು ನಾನು. ನನ್ನ ಹತ್ತಿರ ಈಗ ರೈಫಲ್ ಇಲ್ಲ, ಪಿಂಚಣಿ ಇದೆ. ಕಿತ್ತುಕೊಳ್ಳುವುದಾದರೆ ಅದನ್ನೇ ಎಂದು ಭಯವಾಗಿತ್ತು.

ಆ ಹುಡುಗಿ ಧಾರವಾಡದ ಕಡೆಯವಳು. ಮಾತ್ರೆಗೆ ಬಂದವರ ಮನಸ್ಸಿನ ಆರೋಗ್ಯವನ್ನೂ ಅದೇ ಕೋಣೆಯಲ್ಲಿ ವಿಚಾರಿಸಲು ಅವಳನ್ನು ಕೂರಿಸಿದ್ದರಂತೆ. ನಿದ್ದೆ ಹೇಗೆ, ಊಟ ಹೇಗೆ, ಬದುಕು ಸಾಕೆನಿಸುತ್ತದೆಯೇ ಎಂದೆಲ್ಲ ಕೇಳಿದಳು. ಎಲ್ಲದಕ್ಕೂ ಎದೆ ಸೆಟೆಸಿ ಎಲ್ಲ ಚೆನ್ನಾಗಿದೆ ಎಂದೆ. ಅವಳು ಪೆನ್ನು ಕೆಳಗಿಟ್ಟಳು.

"ನೀವು ಸುಳ್ಳ ಹೇಳಾಕತ್ತೀರಿ. ಇರ್ಲಿ ಬಿಡ್ರಿ, ಮುಂದಿನ ಸಲ ಖರೆ ಹೇಳ್ರಿ."

ಮೊದಲು ಸಿಟ್ಟು ಬಂತು. ಬಸ್ಸಿನಲ್ಲಿ ಕೂತ ಮೇಲೆ, ಪರವಾಗಿಲ್ಲ, ಹುಡುಗಿಗೆ ಕಣ್ಣಿದೆ ಅನ್ನಿಸಿತು. ಹೇಳಿದ್ದನ್ನೆಲ್ಲ ನಂಬುವವರನ್ನು ನಾನು ಜನ್ಮದಲ್ಲಿ ನಂಬಿಲ್ಲ. ಮುಂದಿನ ತಿಂಗಳು ಅರ್ಧ ಖರೆ ಹೇಳಿದೆ, ಅದರ ಮುಂದಿನ ತಿಂಗಳು ಪೂರ್ತಿ. ಪಿಂಚಣಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅವಳ ಬಾಯಲ್ಲಿ ಎಷ್ಟು ಸಲ ಹೇಳಿಸಿದೆನೋ. ಮನಸ್ಸಿನ ಮಾತ್ರೆಯನ್ನೂ ಡಾಕ್ಟರು ಅಲ್ಲೇ ಬರೆದರು, ಅದೇ ಕಿಟಕಿಯಲ್ಲಿ ಕೊಟ್ಟರು. ಬೇರೆ ಬೋರ್ಡಿನ ಕೆಳಗೆ ಕೂರುವ ಕೆಲಸ ತಪ್ಪಿತು. ಪ್ರತಿ ಗುರುವಾರ ಮಧ್ಯಾಹ್ನ ತಾನೇ ಫೋನು ಮಾಡುತ್ತೇನೆ ಎಂದಳು.

ಅವಳ ನಂಬರನ್ನು ಗ್ಯಾಸ್ ಏಜೆನ್ಸಿ ಎಂದು ಸೇವ್ ಮಾಡಿಕೊಂಡೆ. ಗುರುವಾರ ಊಟ ಮುಗಿಸಿ ತಾರಸಿಗೆ ಹೋಗುತ್ತಿದ್ದೆ. ಸ್ಟೇಷನ್ನಿನ ಕಡೆಯಿಂದ ರೈಲು ಬಂದರೆ ಇಬ್ಬರೂ ಸುಮ್ಮನಾಗಿ, ಅದು ಹೋದ ಮೇಲೆ ಮುಂದುವರಿಸುತ್ತಿದ್ದೆವು. ಕೆಲವು ತಿಂಗಳಲ್ಲಿ ಊಟ ರುಚಿಸತೊಡಗಿತು. ಯಾರೂ ಹೇಳದೆಯೇ ಗಡ್ಡ ಬೋಳಿಸಿಕೊಳ್ಳತೊಡಗಿದೆ.

ಎಡವಟ್ಟಾಗಿದ್ದು ಅಲ್ಲೇ. ವಾರವಾರ ಫೋನು ಮಾಡುವ ಗ್ಯಾಸ್ ಏಜೆನ್ಸಿ ಬೆಂಗಳೂರಿನಲ್ಲಿ ಎಲ್ಲಿದೆ? ಒಂದು ಗುರುವಾರ ನಾನು ಬಚ್ಚಲಿನಲ್ಲಿದ್ದಾಗ, ನೆಗಡಿಯೆಂದು ಆಫೀಸಿಗೆ ಹೋಗದಿದ್ದ ಸೊಸೆ ಫೋನು ಎತ್ತಿದಳು. ಆ ಕಡೆ ಹೆಣ್ಣುದನಿ, ಆಮ್ಯಾಲೆ ಅವ್ರ ಕೂಡನ ಮಾತಾಡ್ತೀನ್ರಿ ಎಂದು ಇಟ್ಟುಬಿಟ್ಟಿತು. ಮಾರನೆಯ ದಿನ ಮಗ ಊಟಕ್ಕೆ ಕೂತಾಗ ಸಾರು ಕಲಸುತ್ತಾ ಕಲಸುತ್ತಾ, ಈ ವಯಸ್ಸಲ್ಲಿ ಜೊತೆ ಬೇಕು ಅನ್ನಿಸುವುದು ತಪ್ಪೇನಲ್ಲ ಎಂದ. ನಗು ತಡೆದುಕೊಂಡೆ, ಆದರೆ ಅಲ್ಲ ಅನ್ನಲಿಲ್ಲ. ತಲೆ ಕೆಟ್ಟ ಮುದುಕ ಎನ್ನುವುದಕ್ಕಿಂತ ಚಪಲದ ಮುದುಕ ಎಂದುಕೊಳ್ಳಲಿ, ಮರ್ಯಾದೆ ಉಳಿಯುತ್ತದೆ ಎಂದು ತಲೆಗೆ ಬಣ್ಣವನ್ನೂ ಹಚ್ಚಿಕೊಂಡೆ.

ಮಗನ ಮಾತನ್ನು ಸೊಸೆ ಒಪ್ಪಲಿಲ್ಲ. ಅವಳ ಅನುಮಾನ ನನ್ನದಕ್ಕಿಂತ ಒಂದು ಕೈ ಮೇಲು. ಮಹದೇವಪುರದಲ್ಲಿ ಅವಳ ಆಫೀಸಿನವರೊಬ್ಬರ ತಂದೆಯನ್ನು ಫೋನಿನಲ್ಲೇ ಹೆಂಗಸೊಬ್ಬಳು ಮಾತಾಡಿಸಿ ಮಾತಾಡಿಸಿ, ಇದ್ದ ದುಡ್ಡನ್ನೆಲ್ಲ ಕಿತ್ತುಕೊಂಡು ಬೋಳಿಸಿದ್ದಳಂತೆ. ಮುಂದಿನ ಗುರುವಾರ ರಜೆ ಹಾಕಿ ನನ್ನ ಹಿಂದೆಯೇ ತಾರಸಿಗೆ ಬಂದು ಕೈ ಚಾಚಿದಳು.

"ಫೋನ್ ಕೊಡಿ ಮಾವ. ಆ ನಂಬರ್ ಬ್ಲಾಕ್ ಮಾಡ್ಬಿಡ್ತೀನಿ."

ಕೊಟ್ಟರೆ ಗುರುವಾರಗಳು ಹೋದವು. ಮತ್ತೆ ಆ ಬೆಳಗುಗಳಿಗೆ ವಾಪಸ್ಸು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅದು ಆಸ್ಪತ್ರೆಯದು ಎಂದೆ.

"ಮಾತ್ರೆ ಕೊಡೋ ಆಸ್ಪತ್ರೆನಾ? ಶಿವಾಜಿನಗರದ್ದು?"

ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳು ನನ್ನ ಮುಖ ನೋಡದೆ ಹೇಳಿದಳು.

"ಅತ್ತೆ ಹೋಗೋಕೆ ಮುಂಚೆ ನನಗೆ ಎಲ್ಲಾ ಹೇಳಿದ್ರು. ಮಾತ್ರೆ ತಪ್ಪಿಸದ ಹಾಗೆ ನೋಡ್ಕೋ ಅಂದ್ರು. ಬೀರುವಲ್ಲಿರೋ ಡಬ್ಬಿ ಆಗಾಗ ತೆಗೆದು ನೋಡ್ತಾನೇ ಇದ್ದೀನಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಗಿತ್ತು ನನ್ನ ಕಥೆ. ನನ್ನ ಹೆಂಡತಿ ತೀರಿಕೊಂಡ ವರ್ಷದ ಕೊನೆಗೆ ಸೊಸೆಗೆ ಹೆರಿಗೆಯಾಗಿತ್ತು. ನಾನು ಆಸ್ಪತ್ರೆಯ ಬಾಗಿಲಲ್ಲೇ ಹಿಂದೆ ಸರಿದು ನಿಂತಿದ್ದಾಗ, ಮಗುವನ್ನು ಮೊದಲು ಮಾವನ ಕೈಗೆ ಕೊಡಿ ಎಂದು ನರ್ಸಿಗೆ ಹೇಳಿದವಳು ಇವಳೇ. ಆಗಲೂ ಇವಳಿಗೆ ಗೊತ್ತಿತ್ತು. ಅದು ನೆನಪಾದದ್ದೇ ಅಳು ಬಂತು, ತಡೆಯಲಿಲ್ಲ.

ಹಾಗಿದ್ದರೆ ವಾರವಾರ ಫೋನು ಯಾಕೆ ಎಂದು ಕೇಳಿದಳು. ರೋಗದ ಹೆಸರು ಹೇಳುವ ಕಷ್ಟವನ್ನು ಹೆಂಡತಿ ಆಗಲೇ ತೀರಿಸಿ ಹೋಗಿದ್ದಳು. ಉಳಿದದ್ದನ್ನು ನಾನೇ ಹೇಳಬೇಕಿತ್ತು.

"ಬದುಕೋಕೆ ಮನಸ್ಸಿರ್ಲಿಲ್ಲಮ್ಮ."

ಅವಳು ಕಟ್ಟೆಯ ಮೇಲೆ ನನ್ನ ಪಕ್ಕ ಬಂದು ಕೂತಳು. ಆಮೇಲೆ, ಈಗ ಹೇಗಿದೆ ಎಂದು ಕೇಳಿದಳು. ಪರವಾಗಿಲ್ಲ ಎಂದೆ. ಅಷ್ಟರಲ್ಲಿ ಫೋನು ಬಂತು. ಮಾತಾಡಿ ಎಂದು ಕೆಳಗಿಳಿದು ಹೋದಳು.

ಈಗ ದಿನಾ ಬೆಳಿಗ್ಗೆ ಕಾಫಿ ತಂದಿಟ್ಟು, ಹೇಗಿದ್ದೀರಿ ಎಂದು ಕೇಳಿ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಾಳೆ. ಚೆನ್ನಾಗಿದ್ದೇನೆ ಎನ್ನುತ್ತೇನೆ. ನಂಬುವುದಿಲ್ಲ.