ಎಡಕ್ಕೆ ಹಾಸದ ಗಾದಿ

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನನ್ನ ಪಾತ್ರೆ ಅಂಗಡಿ, ಪಕ್ಕದಲ್ಲಿ ಅಯೂಬನ ಗಾದಿ ಅಂಗಡಿ. ಅವನು ಅರಳೆ ಹಿಂಜಿದರೆ ನನ್ನ ಕೊಡ, ತಪೇಲಿಗಳ ಮೇಲೆಲ್ಲ ಬಿಳಿ ಧೂಳು. ಮೂವತ್ತು ವರ್ಷ ಒರೆಸಿದ್ದೇನೆ, ಮೂವತ್ತು ವರ್ಷ ಬೈದಿದ್ದೇನೆ. ಈ ಊರಲ್ಲಿ ಮದುವೆಯಾದ ಅರ್ಧ ಜನ ಅವನು ಹೊಲಿದ ಗಾದಿಯ ಮೇಲೆ ಮಲಗಿದ್ದಾರೆ. ಅಂಥವನು ಒಂದೇ ಒಂದು ಗಾದಿಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ಹೊಲಿಯಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹರೆಯದಲ್ಲಿ ಅಯೂಬ ನಮ್ಮ ಓಣಿಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ನಾನು ಮುಂದಿನ ಸಾಲಿನಲ್ಲಿ ಆಡುತ್ತಿದ್ದೆ. ಗೋಲಿಗಿಂತ ಬೇಲಿಗೇ ಹೆಚ್ಚು ಹೊಡೆಯುತ್ತಿದ್ದೆ ಎಂದು ಇವತ್ತಿಗೂ ಆಡಿಕೊಳ್ಳುತ್ತಾನೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಒಂದು ಪಂದ್ಯದಲ್ಲಿ ಎಡಕ್ಕೆ ಹಾರಿ ಹರಳುಗಲ್ಲಿನ ಗರಸು ನೆಲಕ್ಕೆ ಬಿದ್ದ. ಎಡಭುಜದ ಕೀಲು ತಪ್ಪಿತು. ನಾಟಿ ವೈದ್ಯರು ಕೂರಿಸಿದರು. ಮೂರು ತಿಂಗಳಲ್ಲಿ ಅರಳೆ ಮೂಟೆ ಹೊರುವಷ್ಟು ಗಟ್ಟಿಯೂ ಆಯಿತು. ಆದರೆ ಅವನು ಮತ್ತೆ ಎಡಕ್ಕೆ ಬೀಳಲಿಲ್ಲ. ಎದುರಾಳಿಗಳಿಗೆ ಅದು ಗೊತ್ತಾಗಲು ಎರಡು ಪಂದ್ಯ ಸಾಕಾದವು. ಅಯೂಬ ಆಟ ಬಿಟ್ಟ.

ನಂದಾ ಬಂದದ್ದು ಮೂರು ವರ್ಷದ ಹಿಂದೆ. ಹೊನವಾಡದ ಹುಡುಗಿ, ಇಲ್ಲಿ ಪಿಯುಸಿ ಓದಲು ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಎತ್ತರ ಇದ್ದಾಳೆಂಬ ಒಂದೇ ಕಾರಣಕ್ಕೆ ಕಾಲೇಜಿನವರು ಅವಳನ್ನು ಗೋಲಿನಲ್ಲಿ ನಿಲ್ಲಿಸಿದ್ದರು. ಒಂದು ಸಂಜೆ ನಾನೂ ಅಯೂಬನೂ ಮೈದಾನದ ಕಟ್ಟೆಯ ಮೇಲೆ ಶೇಂಗಾ ತಿನ್ನುತ್ತ ಕೂತಿದ್ದೆವು. ಚೆಂಡು ಬಂದಾಗಲೆಲ್ಲ ಅವಳು ಕಣ್ಣು ಮುಚ್ಚಿ ಮುಖ ತಿರುಗಿಸುತ್ತಿದ್ದಳು. ಅಯೂಬ ತಡೆಯಲಾರದೆ ಎದ್ದುಹೋದ.

“ಚೆಂಡ ಕಚ್ಚಂಗಿಲ್ಲವ್ವಾ, ಕಣ್ಣ ತೆಗಿ.”

“ಹಂಗಾರ ನೀವ ಕಲಸ್ರಿ ಕಾಕಾ,” ಎಂದಳು ನಂದಾ. ಅಂದಿನಿಂದ ವಾರಕ್ಕೆ ಮೂರು ಸಂಜೆ, ಹೊನವಾಡದ ಬಸ್ಸಿನ ಹೊತ್ತಿನವರೆಗೆ ಅವನು ಕಲಿಸುವವ, ನಾನು ಒದೆಯುವವ.

ಅವನ ಪಾಠವೆಲ್ಲ ಅಂಗಡಿಯಿಂದಲೇ ಹುಟ್ಟಿದ್ದು. ಗಾದಿಯ ಪಟ್ಟೆಪಟ್ಟೆ ಬಟ್ಟೆಯನ್ನು ಎರಡು ಬಿದಿರು ಗಳುಗಳ ನಡುವೆ ಪರದೆಯಂತೆ ಕಟ್ಟುತ್ತಿದ್ದ. ಅದರಾಚೆಯಿಂದ ನಾನು ಕೆಳಗಿನ ಸಂದಿಯಲ್ಲಿ ಒದೆಯಬೇಕು. ನನ್ನ ಕಾಲು ಅವಳಿಗೆ ಕಾಣದು. ಚೆಂಡು ಕಾಣುವಷ್ಟರಲ್ಲಿ ಅರ್ಧ ದಾರಿ ಬಂದಿರುತ್ತದೆ. ಇನ್ನೊಮ್ಮೆ ಅವಳು ನಮಗೆ ಬೆನ್ನು ಮಾಡಿ ನಿಂತು, ಅವನು “ಹಾಂ” ಎಂದೊಡನೆ ತಿರುಗಿ ಹಿಡಿಯಬೇಕು. ಹಿಮ್ಮಡಿ ಊರಿದರೆ ಬೈಗುಳ. ಬೀಳುವುದನ್ನು ಕಲಿಸಲೆಂದೇ ಒಂದು ದಪ್ಪ ಗಾದಿ ಹೊಲಿದು ತಂದು ಅವಳ ಬಲಕ್ಕೆ ಹಾಸಿದ. ಮೊದಲು ಕೂತಲ್ಲಿಂದ ಬೀಳು, ಆಮೇಲೆ ಮೊಣಕಾಲ ಮೇಲಿಂದ, ಆಮೇಲೆ ನಿಂತು. ಆರು ತಿಂಗಳಲ್ಲಿ ಬಲಕ್ಕೆ ಹೋದ ಚೆಂಡು ಅವಳನ್ನು ದಾಟುವುದೇ ನಿಂತುಹೋಯಿತು. ನನಗೂ ರೋಷ ಬಂದು ಜೋರಾಗಿಯೇ ಒದೆಯುತ್ತಿದ್ದೆ.

“ಎಡಕ್ಕೂ ಹಾಸೂಣೇನು?” ಎಂದು ಒಮ್ಮೆ ಕೇಳಿದೆ.

“ಮೊದಲ ಬಲ ಪಕ್ಕಾ ಆಗ್ಲಿ,” ಎಂದ ಅಯೂಬ.

ಮಳೆಗಾಲ ಕಳೆದ ಮೇಲೆ ಮತ್ತೆ ಕೇಳಿದೆ. ಗಾದಿಯನ್ನು ಎಳೆದು ಎಡಕ್ಕೆ ಹಾಸಿದ, ಹೊಲಿಗೆಯ ಮೇಲೆ ಕೈಯಾಡಿಸಿದ, ಮತ್ತೆ ಸುತ್ತಿಟ್ಟ. “ಇವತ್ತ ಬ್ಯಾಡ. ಹುಡುಗಿ ದಣದಾಳ.” ಹುಡುಗಿ ದಣಿದಿರಲಿಲ್ಲ, ಬೆವರಿದ್ದವನು ಅವನು. ಅದು ನನಗೆ ಕಂಡಿತು. ಗೆಳೆಯನ ಹಳೇ ಗಾಯ ಕೆದಕುವುದೇಕೆಂದು ಬಾಯಿಗೆ ಬೀಗ ಹಾಕಿಕೊಂಡೆ. ಕಾಲೇಜಿನ ಪಂದ್ಯಗಳಲ್ಲಿ ಎಡಕ್ಕೆ ಬಂದದ್ದನ್ನು ಅವಳು ಕಾಲಿಂದಲೋ ಅದೃಷ್ಟದಿಂದಲೋ ತಡೆದಳು. ಗೆದ್ದಾಗ ಮೂವರೂ ಮಿರ್ಚಿಭಜಿ ತಿಂದು ಸುಮ್ಮನಾದೆವು.

ಎರಡನೇ ವರ್ಷ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆ ಇಲ್ಲೇ ನಡೆಯಿತು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಅದೇ ಮೊದಲು, ಅದೇ ಕೊನೆ. ಅವಳಪ್ಪ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಕೆಲಸ ಬಿಟ್ಟು ಬಂದು ನಮ್ಮ ಪಕ್ಕದಲ್ಲಿ ನಿಂತಿದ್ದ. ಒಟ್ಟು ಹತ್ತು ಚೆಂಡು. ಬಲಕ್ಕೆ ಬಂದ ಐದನ್ನೂ ಹಿಡಿದಳು. ಎಡಕ್ಕೆ ಬಂದ ಐದಕ್ಕೂ ಕೈ ಚಾಚಿದಳು, ಆದರೆ ಕಾಲು ನೆಲ ಬಿಡಲಿಲ್ಲ. ಐದೂ ಒಳಗೆ ಹೋದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನು ಹುಡುಗಿ ನಮ್ಮಿಂದ ತೀರಾ ಚೆನ್ನಾಗಿ ಕಲಿತಿದ್ದಳು.

ಹುಬ್ಬಳ್ಳಿಯಿಂದ ಬಂದಿದ್ದ ಹಿರಿಯ ಆಯ್ಕೆಗಾರರು ಅಯೂಬನ ಬಳಿ ಬಂದರು. “ಇಂಥಾ ಕೈ ಈ ವರ್ಷ ನಾ ನೋಡಿಲ್ರಿ. ಅರ್ಧಾನ ಯಾಕ ಕಲಿಸಿದ್ರಿ?”

ನಂದಾ ಅಳಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, “ಆ ಕಡೀನೂ ನೆಲ ಐತಿ ಅನ್ನೂದ ನನಗ ಹೊಳೀಲೇ ಇಲ್ರಿ ಕಾಕಾ,” ಎಂದಳು. ಅಪ್ಪನ ಹಿಂದೆ ಬಸ್ಸಿಗೆ ನಡೆದಳು. ಈಗ ಡಿಗ್ರಿ ಓದುತ್ತಾಳೆ. ಚೌಕದಲ್ಲಿ ಸಿಕ್ಕರೆ ನಗುತ್ತಾಳೆ, ಆಟದ ಮಾತು ತೆಗೆಯುವುದಿಲ್ಲ.

ಆಯ್ಕೆ ಮುಗಿದ ಮರುದಿನವೇ ಅಯೂಬ ಇನ್ನೊಂದು ಗಾದಿ ಹೊಲಿಯಲು ಕೂತ. ದಿನಕ್ಕೆ ಎರಡು ಮುಗಿಸುವವನು ಅದೊಂದಕ್ಕೆ ಎಂಟು ದಿನ ತೆಗೆದುಕೊಂಡ. ನಂದಾಳಿಗೆ ಹೇಳಿಕಳಿಸಿ, ಭಾನುವಾರ ಬೆಳಿಗ್ಗೆ ಗಾದಿಯನ್ನು ಆಟೋದಲ್ಲಿ ಹೇರಿಕೊಂಡು ಮೈದಾನಕ್ಕೆ ಬಂದ. ಹೊನವಾಡದ ಎರಡು ಬಸ್ಸು ಬಂದು ಹೋದವು. ಅವಳು ಬರಲಿಲ್ಲ. ಅವನು ಗಾದಿಯನ್ನು ಗೋಲಿನ ಎಡಕ್ಕೆ ಹಾಸಿ, ಚಪ್ಪಲಿ ಬಿಟ್ಟು ತಾನೇ ನಿಂತ.

“ಒದಿ. ಎಡಕ್ಕ.”

“ಐವತ್ತ ದಾಟ್ಯಾವು ನಿನಗ. ಹುಚ್ಚ ಹಿಡದದೇನಲೇ?”

“ಒದಿ ಅಂದ್ನೆಲ್ಲ.”

ಮೆಲ್ಲಗೆ ಒದ್ದೆ. ಅಯೂಬ ಬಿದ್ದ, ಪೂರಾ ಎಡಭುಜದ ಮೇಲೆ. ನಾನು ಓಡಿದೆ. ಅವನು ಮಲಗಿಕೊಂಡೇ ಬಲಗೈಯಿಂದ ಆ ಭುಜವನ್ನು ಒತ್ತಿ ಒತ್ತಿ ನೋಡುತ್ತಿದ್ದ.

“ನೋಯಲಿಲ್ಲೋ ಸಿದ್ದ್ಯಾ. ಏನೂ ನೋಯಲಿಲ್ಲ,” ಎಂದು ಅಳತೊಡಗಿದ.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ; ಹೇಳಿದವರು ಯಾರಿಗೂ ಆಟ ಕಲಿಸಿರಲಿಕ್ಕಿಲ್ಲ. ನಾನು ಗಾದಿಯ ಅಂಚಿನಲ್ಲಿ ಅವನ ಪಕ್ಕ ಕೂತೆ. ಆ ಮೈದಾನದಲ್ಲಿ ಎರಡು ವರ್ಷ ಒದೆಯುವವನು ನಾನೇ ಆಗಿದ್ದೆ. ಎಡಕ್ಕೆ ನಾನು ಒದ್ದ ಮೊದಲ ಚೆಂಡು ಅದು.